ಗೆರೆ ಮೂಡಿದರೆ ಕುಡಿದಿಲ್ಲ

ಮೂತ್ರದಲ್ಲಿ ಮದ್ಯದ ಗುರುತು ಹುಡುಕುವ ನಮ್ಮ ಲ್ಯಾಬಿನ ಪಟ್ಟಿಯಲ್ಲಿ ಗೆರೆ ಮೂಡಿದರೆ ಆಸಾಮಿ ಕುಡಿದಿಲ್ಲ, ಮೂಡದಿದ್ದರೆ ಕುಡಿದಿದ್ದಾನೆ. (ಪಟ್ಟಿ ಸರಿಯಿದೆ ಎಂದು ತೋರಿಸುವ ಇನ್ನೊಂದು ಗೆರೆ ಹೇಗೂ ಮೂಡುತ್ತದೆ.) ಬಸುರಿನ ಪರೀಕ್ಷೆ ನೋಡಿ ರೂಢಿಯಾದ ಮನೆಯವರಿಗೆ ಇದು ಪೂರ್ತಿ ಉಲ್ಟಾ. ಎರಡು ಗೆರೆ ಕಂಡ ಕೂಡಲೇ "ಕುಡದಾನ್ರೀ, ನಾ ಹೇಳಿದ್ನಿಲ್ಲ?" ಎಂದು ಹೆಂಡತಿ ಅಳಲು ಶುರುಮಾಡುತ್ತಾಳೆ. ಆತ ಪಾಪ ಬಾಯಿ ಒಣಗಿಸಿಕೊಂಡು ನಿಂತಿರುತ್ತಾನೆ. ಹಾಗಾಗಿ ನಾನು ಪಟ್ಟಿಯನ್ನು ಮನೆಯವರ ಕಣ್ಣಿಗೆ ಬೀಳಿಸುವುದೇ ಇಲ್ಲ.

ಬಾಗಲಕೋಟೆಯ ನವನಗರದ ಒಂದು ವ್ಯಸನಮುಕ್ತಿ ಕೇಂದ್ರದ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ರಬಕವಿ-ಬನಹಟ್ಟಿಯ ನೇಕಾರರು, ಮುಧೋಳ-ಜಮಖಂಡಿ ಕಡೆ ಕಬ್ಬು ಹೊಡೆಯುವ ಟ್ರ್ಯಾಕ್ಟರ್ ಚಾಲಕರು, ಇಳಕಲ್ಲಿನ ಕಲ್ಲು ಕ್ವಾರಿಯವರು, ನಡುವೆ ಒಬ್ಬಿಬ್ಬರು ಮಾಸ್ತರರು, ಇವರು ನಮ್ಮ ಗಿರಾಕಿಗಳು. 2007ರ ಜುಲೈಯಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಪಾಕೀಟಿನ ಜಾಗಕ್ಕೆ ಕ್ವಾರ್ಟರ್ ಬಂತು, ಅಷ್ಟೇ.

ಮೊದಲು ನಮ್ಮ ಹತ್ತಿರ ಇದ್ದದ್ದು ಊದುವ ಯಂತ್ರವೊಂದೇ. ಅದು ಆ ಹೊತ್ತಿನದನ್ನು ಮಾತ್ರ ಹೇಳುತ್ತದೆ. ರಕ್ತದಲ್ಲಿರುವ ಮದ್ಯ ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ (100 ಮಿಲಿಲೀಟರಿಗೆ) ಇಳಿಯುತ್ತ ಹೋಗುತ್ತದೆ. ರಾತ್ರಿ ಎಂಟಕ್ಕೆ ಒಂದು ಕ್ವಾರ್ಟರ್ ಮುಗಿಸಿ ಮಲಗಿದವನು ಬೆಳಿಗ್ಗೆ ಹತ್ತಕ್ಕೆ ಓಪಿಡಿಗೆ ಬಂದು ಊದಿದರೆ ಸೊನ್ನೆ. ಇದು ಗಿರಾಕಿಗಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಮೂತ್ರದಲ್ಲಿ ಮದ್ಯವನ್ನೇ ನೇರವಾಗಿ ಹುಡುಕಿದರೂ ಅರ್ಧ ದಿನಕ್ಕಿಂತ ಹಿಂದಿನದು ಸಿಗುವುದು ಕಷ್ಟ.

ಹೀಗಾಗಿ ಇಟಿಜಿ, ಅಂದರೆ ಈಥೈಲ್ ಗ್ಲುಕುರೊನೈಡ್. ಕುಡಿದ ಮದ್ಯದ ಬಹುಪಾಲನ್ನು ಲಿವರ್ ಸುಟ್ಟುಹಾಕುತ್ತದೆ. ಸಾವಿರಕ್ಕೆ ಒಂದು ಪಾಲಿಗೂ ಕಡಿಮೆಯಷ್ಟನ್ನು ಗ್ಲುಕುರೊನಿಕ್ ಆಮ್ಲಕ್ಕೆ ಜೋಡಿಸಿ ಮೂತ್ರಕ್ಕೆ ಬಿಡುತ್ತದೆ. ಆ ಚೂರು ಮದ್ಯದಷ್ಟು ಬೇಗ ಖಾಲಿಯಾಗುವುದಿಲ್ಲ. ಒಂದೆರಡು ಪೆಗ್ ಹಾಕಿದವನಲ್ಲಿ ಸುಮಾರು ಒಂದು ದಿನ, ಮೂಗಿನ ಮಟ್ಟ ಕುಡಿದವನಲ್ಲಿ ಮೂರು ದಿನದವರೆಗೂ ಸಿಗಬಹುದು. ಪಟ್ಟಿಯ ಗೆರೆಯ ಮೇಲೆ ಇದೇ ಇಟಿಜಿಯನ್ನು ಮೊದಲೇ ಅಂಟಿಸಿರುತ್ತಾರೆ. ಇಟಿಜಿಗೆ ಅಂಟಿಕೊಳ್ಳುವ ಪ್ರೋಟೀನು, ಅಂದರೆ ಬಣ್ಣದ ಆ್ಯಂಟಿಬಾಡಿ, ಹರಿದು ಬಂದು ಅದನ್ನು ಹಿಡಿದುಕೊಂಡರೆ ಗೆರೆ ಮೂಡುತ್ತದೆ. ಮೂತ್ರದಲ್ಲೇ ಸಾಕಷ್ಟು ಇಟಿಜಿ ಇದ್ದರೆ ಆ್ಯಂಟಿಬಾಡಿ ದಾರಿಯಲ್ಲೇ ಅದಕ್ಕೆ ಅಂಟಿಕೊಂಡುಬಿಡುತ್ತದೆ, ಗೆರೆಗೆ ಏನೂ ಉಳಿಯುವುದಿಲ್ಲ. ಮಸುಕು ಗೆರೆಯೂ ಗೆರೆಯೇ, ಅದನ್ನು ನೆಗೆಟಿವ್ ಎಂದೇ ಓದಬೇಕು. "ಗೆರೆ ತೆಳ್ಳಗಿದೆ, ಸ್ವಲ್ಪ ಕುಡಿದಿರಬೇಕು" ಎನ್ನುವವರ ಜೊತೆ ನಾನು ಜಗಳಕ್ಕೇ ನಿಲ್ಲುತ್ತೇನೆ.

ನಾವು ತರಿಸುವ ಪಟ್ಟಿಯ ಮಿತಿ ಮಿಲಿಲೀಟರಿಗೆ 500 ನ್ಯಾನೊಗ್ರಾಂ. 100ರ ಮಿತಿ ಇಟ್ಟರೆ ಹೆಚ್ಚು ಜನ ಸಿಕ್ಕಿಬೀಳುತ್ತಾರೆ ನಿಜ, ಅವರ ಜೊತೆಗೆ ಬಾಯಿ ಮುಕ್ಕಳಿಸುವ ಔಷಧ ಬಳಸಿದವರೂ, ದಿನವಿಡೀ ಕೈಗೆ ಸ್ಯಾನಿಟೈಸರ್ ಉಜ್ಜಿದವರೂ ಬೀಳಬಹುದು. ಬಿಡಬೇಕೆಂದು ಒದ್ದಾಡುತ್ತಿರುವವನ ಮೇಲೆ ಸುಳ್ಳು ಆರೋಪ ಹೊರಿಸುವುದಕ್ಕಿಂತ ಒಬ್ಬಿಬ್ಬರು ತಪ್ಪಿಸಿಕೊಂಡು ಹೋಗುವುದೇ ಮೇಲು ಎಂದು ನಾನೂ ಡಾಕ್ಟರೂ ಕೂತು ತೀರ್ಮಾನಿಸಿದೆವು.

ಪಟ್ಟಿ ಅದ್ದುವುದು ಐದು ನಿಮಿಷದ ಕೆಲಸ. ನಿಜವಾದ ಕೆಲಸ ಇರುವುದು ಮೂತ್ರ ಹಿಡಿಯುವಲ್ಲಿ. ನಮ್ಮ ಸಂಡಾಸಿನ ನೀರಿಗೆ ನೀಲಿ ಬಣ್ಣ ಹಾಕಿಟ್ಟಿರುತ್ತೇನೆ, ಒಳಗಿನ ನಳವನ್ನು ಹೊರಗಿನಿಂದ ಬಂದ್ ಮಾಡುತ್ತೇನೆ. ಕಪ್ ಕೈಗೆ ಬಂದ ನಾಲ್ಕು ನಿಮಿಷದೊಳಗೆ ಉಷ್ಣತೆ ನೋಡಬೇಕು: 32ರಿಂದ 38 ಡಿಗ್ರಿ ನಡುವೆ ಇದ್ದರೆ ಈಗಷ್ಟೇ ಮೈಯಿಂದ ಬಂದದ್ದು. ತಮ್ಮನ ಮೂತ್ರವನ್ನು ಬಾಟ್ಲಿಯಲ್ಲಿ ತಂದು ಕಿಸೆಯಲ್ಲಿ ಇಟ್ಟುಕೊಂಡವರು ಸಾಮಾನ್ಯವಾಗಿ ಇಲ್ಲೇ ಸಿಗುತ್ತಾರೆ. ಆದರೆ ಮೇ ತಿಂಗಳಿನ ನಮ್ಮ ಬಿಸಿಲಿಗೆ ಕಿಸೆಯ ಬಾಟ್ಲಿಯೂ 38 ಮುಟ್ಟುತ್ತದೆ, ಬೇಸಿಗೆಯಲ್ಲಿ ಥರ್ಮಾಮೀಟರಿನ ಮಾತನ್ನು ಅರ್ಧವೇ ನಂಬಬೇಕು.

ಹೊಟ್ಟೆ ತುಂಬ ನೀರು ಕುಡಿದು ಬರುವವರು ಇನ್ನೊಂದು ಜಾತಿ. ಮೂತ್ರ ತೆಳುವಾದರೆ ಇಟಿಜಿಯೂ ತೆಳುವಾಗಿ ಮಿತಿಯ ಕೆಳಗೆ ಜಾರುತ್ತದೆ. ಬಣ್ಣ ನೋಡಿ ಕಂಡುಹಿಡಿಯುತ್ತೇನೆಂದರೆ ಆಗುವುದಿಲ್ಲ. ನಮ್ಮಲ್ಲಿ ಚಿಕಿತ್ಸೆಗೆ ಬರುವ ಬಹುತೇಕರಿಗೆ ಬಿ-ಕಾಂಪ್ಲೆಕ್ಸ್ ನಡೆಯುತ್ತಿರುತ್ತದೆ, ನೀರಿನಂಥ ಮೂತ್ರವೂ ಅರಿಸಿನ ಹಳದಿಯಾಗಿ ಕಾಣುತ್ತದೆ. ಅದಕ್ಕೆ ಕ್ರಿಯಾಟಿನಿನ್ ನೋಡುತ್ತೇನೆ, ಮೈ ದಿನಾ ಮೂತ್ರಕ್ಕೆ ಬಿಡುವ ಕಸ ಅದು, ಮೂತ್ರ ಎಷ್ಟು ತೆಳು ಎಂದು ಅದರಿಂದ ತಿಳಿಯುತ್ತದೆ. 100 ಮಿಲಿಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ನೆಗೆಟಿವ್ ಎಂದು ಬರೆಯುವುದಿಲ್ಲ. "ಮಾದರಿ ತೆಳು, ಮತ್ತೊಮ್ಮೆ ಕೊಡಬೇಕು" ಎಂದು ಬರೆದು, ಹೊರಗೆ ಬೆಂಚಿನ ಮೇಲೆ ಕೂರಿಸುತ್ತೇನೆ, ನೀರಿನ ತಂಬಿಗೆ ದೂರ ಇಟ್ಟು.

ಬಾಗಿಲ ಹೊರಗೇ ನಿಲ್ಲುತ್ತೇನೆ, ಒಳಗೆ ಹೋಗಿ ನೋಡುತ್ತ ನಿಲ್ಲುವುದಿಲ್ಲ. ಹಾಗೆ ಮಾಡಬೇಕು ಎನ್ನುವವರಿದ್ದಾರೆ. ಅದು ಜೈಲಿನ ಪದ್ಧತಿ, ನನಗೆ ಒಗ್ಗುವುದಿಲ್ಲ. ಮರ್ಯಾದೆ ಕಳೆದುಕೊಂಡವನು ಮುಂದಿನ ವಾರ ಬರುವುದೇ ಇಲ್ಲ.

ಇದಕ್ಕಿಂತ ಸೂಕ್ಷ್ಮ ಸಂಗತಿ ಶುಗರ್ ಇದ್ದವರದು. ಮೂತ್ರದಲ್ಲಿ ಸಕ್ಕರೆ ಇದ್ದು, ಜೊತೆಗೆ ಯೀಸ್ಟ್ ಸೋಂಕಿದ್ದರೆ, ಕಪ್ ಬೆಚ್ಚಗೆ ಕೂತಷ್ಟು ಹೊತ್ತು ಅದರೊಳಗೇ ಹುದುಗು ಹತ್ತಿ ಮದ್ಯ ತಯಾರಾಗುತ್ತದೆ. ಕುಡಿಯದವನ ಮೂತ್ರದಲ್ಲಿ ಮದ್ಯ! ಉರಿಮೂತ್ರ ತರುವ ಇ-ಕೋಲೈ ಇನ್ನೂ ತುಂಟ. ಅದರ ಕೆಲವು ತಳಿಗಳು ಇಟಿಜಿಯನ್ನು ಒಡೆದು ಮಾಯ ಮಾಡುತ್ತವೆ, ಕುಡಿದವನೂ ಪಾರಾಗುತ್ತಾನೆ. ಮದ್ಯ ಇದ್ದಲ್ಲಿ ಅದೇ ಬ್ಯಾಕ್ಟೀರಿಯಾ ಹೊಸ ಇಟಿಜಿ ಮಾಡಿದ್ದೂ ಪ್ರಯೋಗಗಳಲ್ಲಿ ಕಂಡಿದೆ. ಹಾಗಾಗಿ ಪ್ರತಿ ಮಾದರಿಗೂ ಸಕ್ಕರೆ, ಮತ್ತು ಸೋಂಕಿನ ಸುಳಿವು ಕೊಡುವ ನೈಟ್ರೈಟ್, ಬಿಳಿಕಣದ ಸಾಮಾನ್ಯ ಪರೀಕ್ಷೆಯನ್ನು ಮೊದಲು ಮಾಡುತ್ತೇನೆ, ತಕ್ಷಣ ಪಟ್ಟಿ ಅದ್ದುತ್ತೇನೆ, ಉಳಿದದ್ದನ್ನು ಹುದುಗು ತಡೆಯುವ ಸೋಡಿಯಂ ಫ್ಲೋರೈಡ್ ಇರುವ ಟ್ಯೂಬಿಗೆ ಹಾಕಿ ಫ್ರಿಜ್ಜಿಗೆ. ಲೈಟ್ ಹೋದರೆ ಐಸ್ ಡಬ್ಬಿ. ತಕರಾರು ಎದ್ದ ಮಾದರಿ ಬೆಂಗಳೂರಿನ ದೊಡ್ಡ ಲ್ಯಾಬಿಗೆ ಹೋಗುತ್ತದೆ. ಅಲ್ಲಿ ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಇಟಿಜಿ ಜೊತೆಗೆ ಮದ್ಯದ ಇನ್ನೊಂದು ಗುರುತಾದ ಈಥೈಲ್ ಸಲ್ಫೇಟನ್ನೂ ನೋಡುತ್ತಾರೆ. ಇ-ಕೋಲೈ ಅದರ ತಂಟೆಗೆ ಹೋಗುವುದಿಲ್ಲ. ಖರ್ಚು ನೇಕಾರನ ಕೂಲಿಗೆ ಹೊರೆ, ಆದ್ದರಿಂದ ಎಲ್ಲರಿಗೂ ಮಾಡಿಸಲಾಗುವುದಿಲ್ಲ.

ಬನಹಟ್ಟಿ ಕಡೆಯ ಹಿರಿಯರೊಬ್ಬರು ಬಿಟ್ಟು ತಿಂಗಳಾದ ಮೇಲೆ ಪಾಸಿಟಿವ್ ಬಂದರು. "ದೇವರಾಣಿ, ಹನಿ ಮುಟ್ಟಿಲ್ರೀ" ಎಂದರು. ಮಗ ನಂಬಲಿಲ್ಲ. ನಾನು ಕೇಳಿದ್ದು ಒಂದೇ: ಔಷಧಿ ಏನೇನು ತಗೋತೀರಿ? ಶಕ್ತಿಗೆಂದು ಅಶ್ವಗಂಧಾರಿಷ್ಟ, ದಿನಕ್ಕೆ ಎರಡು ಹೊತ್ತು, ಅಳತೆ ಮುಚ್ಚಳದ್ದಲ್ಲ, ಚಹಾ ಲೋಟದ್ದು. ಆಸವ, ಅರಿಷ್ಟಗಳು ಹುದುಗಿಸಿ ಮಾಡಿದವು. ಅದರಲ್ಲಿ ತಾನಾಗಿ ಹುಟ್ಟಿದ ಮದ್ಯ ಶೇ. 5ರಿಂದ 10ರವರೆಗೂ ಇರುತ್ತದೆ, ಬಾಟ್ಲಿಯ ಮೇಲೆ ಬರೆದೂ ಇರುತ್ತದೆ. ಬಿಯರಿಗೂ ಅದಕ್ಕೂ ಬಹಳ ದೂರವಿಲ್ಲ. ಅದನ್ನು ನಿಲ್ಲಿಸಿ ವಾರ ಬಿಟ್ಟು ನೋಡಿದಾಗ ಗೆರೆ ದಪ್ಪಗೆ ಮೂಡಿತು. ಅಂದಿನಿಂದ ಕಪ್ ಕೊಡುವ ಮೊದಲೇ ದ್ರಾಕ್ಷಾಸವ, ದಶಮೂಲಾರಿಷ್ಟ, ಕೆಮ್ಮಿನ ಔಷಧ ಎಲ್ಲವನ್ನೂ ಹೆಸರು ಹಿಡಿದು ಕೇಳುತ್ತೇನೆ. "ಔಷಧಿ ತಗೋತೀರಾ?" ಎಂದು ಸುಮ್ಮನೆ ಕೇಳಿದರೆ ಅರಿಷ್ಟವನ್ನು ಯಾರೂ ಔಷಧಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಮಾಲೀಕರೂ ಬರುತ್ತಾರೆ. "ಇವನ ಉಚ್ಚಿ ತಪಾಸ್ ಮಾಡಿ ಬರದು ಕೊಡ್ರಿ, ಕುಡದು ಗಾಡಿ ಹೊಡದಾನ." ಆಗುವುದಿಲ್ಲ ಎನ್ನುತ್ತೇನೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಕೇಳುವುದು 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮೀರಿದೆಯೇ ಎಂದು, ಸ್ಟೇರಿಂಗ್ ಹಿಡಿದ ಹೊತ್ತಿನಲ್ಲಿ. ಇಟಿಜಿ ಪಾಸಿಟಿವ್ ಬಂದವನು ಮೊನ್ನೆ ರಾತ್ರಿ ಮನೆಯಲ್ಲಿ ಕುಡಿದು, ಇಂದು ಪೂರ್ತಿ ಎಚ್ಚರವಾಗಿ ಗಾಡಿ ಹೊಡೆದಿರಬಹುದು. ಎಷ್ಟು ಕುಡಿದ, ಅಮಲಿತ್ತೇ, ಎರಡಕ್ಕೂ ಪಟ್ಟಿಯಲ್ಲಿ ಉತ್ತರವಿಲ್ಲ. ಜೊತೆಗೆ ನಮ್ಮಲ್ಲಿ ಚಿಕಿತ್ಸೆಗಿರುವವನ ವರದಿಯನ್ನು ಅವನ ಒಪ್ಪಿಗೆಯಿಲ್ಲದೆ ಮಾಲೀಕನ ಕೈಗೆ ಕೊಡುವಂತಿಲ್ಲ, 2017ರ ಮಾನಸಿಕ ಆರೋಗ್ಯ ಕಾಯ್ದೆ ಆ ಗುಟ್ಟನ್ನು ಕಾಯುತ್ತದೆ. ಮಾಲೀಕರು ಸಿಟ್ಟಾಗಿ ಹೋಗುತ್ತಾರೆ, ಹೋಗಲಿ.

ಹಾಗಾದರೆ ಇದರಿಂದ ಉಪಯೋಗ ಯಾರಿಗೆ? ನನ್ನ ಕಣ್ಣಿಗೆ ಕಂಡಂತೆ ಮೊದಲು ಡಾಕ್ಟರಿಗೆ. ದಿನಾ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ನಡುಕ, ಮೈ ಬೆವರು ಶುರುವಾಗಿ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಆಮೇಲೆ ಭ್ರಮೆ. "ಬಿಟ್ಟು ಹದಿನೈದು ದಿನ ಆತ್ರಿ" ಎಂದವನ ಊದುವ ಯಂತ್ರ ಸೊನ್ನೆ ತೋರಿಸಿ, ಪಟ್ಟಿ ಪಾಸಿಟಿವ್ ಆದರೆ ಅವನು ಆ ಅಪಾಯದ ನಡುವೆ ಇರಬಹುದು. ಮನೆಗೆ ಕಳಿಸುವ ಬದಲು ವಾರ್ಡಿನಲ್ಲಿ ಇಟ್ಟುಕೊಳ್ಳುತ್ತಾರೆ. ಕುಡಿದರೆ ಮೈಗೆ ಆಗದಂತೆ ಮಾಡಿ ಕುಡಿತ ಬಿಡಿಸುವ ಡೈಸಲ್ಫಿರಾಂ ಗುಳಿಗೆ ಶುರುಮಾಡುವಾಗಲೂ ಹೀಗೆಯೇ: ಕೊನೆಯ ಗುಟುಕಿನಿಂದ ಕನಿಷ್ಠ 12 ಗಂಟೆ ಕಳೆದಿರಬೇಕು, ಮೈಯಲ್ಲಿ ಮದ್ಯ ಇದ್ದಾಗ ನುಂಗಿದರೆ ಎದೆಬಡಿತ ಏರಿ, ಬಿಪಿ ಬಿದ್ದು ಜೀವಕ್ಕೇ ಬರಬಹುದು. ಗಂಡನಿಗೆ ಗೊತ್ತಾಗದಂತೆ ಈ ಗುಳಿಗೆಯನ್ನು ಸಾರಿನಲ್ಲಿ ಕಲಸಿ ಹಾಕುತ್ತೇನೆಂದು ಕೇಳಿಕೊಂಡು ಬರುವ ಹೆಣ್ಣುಮಕ್ಕಳಿಗೆ ಲ್ಯಾಬಿನ ಕಿಟಕಿಯಿಂದಲೇ ಬೇಡ ಎನ್ನುತ್ತೇನೆ, ಆಮೇಲೆ ಡಾಕ್ಟರ ಕೋಣೆಗೆ ಕಳಿಸುತ್ತೇನೆ.

ಪಾಸಿಟಿವ್ ವರದಿಯಲ್ಲಿ "ಮದ್ಯಪಾನ ಮಾಡಿದ್ದಾರೆ" ಎಂದು ನಾನು ಬರೆಯುವುದಿಲ್ಲ. "ಇಟಿಜಿ 500 ಮಿತಿಗಿಂತ ಹೆಚ್ಚು, ಇತ್ತೀಚೆಗೆ ಮದ್ಯದ ಸಂಪರ್ಕ ಸೂಚಿಸುತ್ತದೆ, ದೃಢೀಕರಣ ಆಗಿಲ್ಲ" ಎಂದು ಬರೆದು, ಕೆಳಗೆ ಕ್ರಿಯಾಟಿನಿನ್, ಸಕ್ಕರೆ, ನೈಟ್ರೈಟ್, ಮಾದರಿ ಹಿಡಿದ ಗಂಟೆ ನಮೂದಿಸುತ್ತೇನೆ. ಕವರು ಅಂಟಿಸಿ ಕೌನ್ಸೆಲರ್ ಟೇಬಲ್ಲಿಗೆ ಹೋಗುತ್ತದೆ. ಬಹಳಷ್ಟು ಸಲ ಕವರು ಬಿಚ್ಚುವ ಮೊದಲೇ ಆಸಾಮಿ ಬಾಯಿಬಿಟ್ಟಿರುತ್ತಾನೆ: "ರವಿವಾರ ಜಾತ್ರಿ ಇತ್ತರಿ, ಎರಡs ಪೆಗ್ಗು." ಎರಡು ಎಂಬುದನ್ನು ಮಾತ್ರ ಕೌನ್ಸೆಲರ್ ನಾಲ್ಕು ಎಂದು ಬರೆದುಕೊಳ್ಳುತ್ತಾರೆ.