ಮೆಡಿಕಲ್ ಅಂಗಡಿಯಲ್ಲಿ ನನ್ನ ದುಡಿಮೆಯ ಹೊತ್ತನ್ನು ಇಳಿಸಿಕೊಂಡ ಬಗೆ

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ನಾನು ಔಷಧದ ಅಂಗಡಿ ನಡೆಸುತ್ತಿದ್ದೇನೆ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆದು ರಾತ್ರಿ ಹತ್ತಕ್ಕೆ ಮುಚ್ಚುವುದು ಬಹುಕಾಲ ನಡೆದುಬಂದ ರೂಢಿಯಾಗಿತ್ತು. ಬೇರೆ ವ್ಯಾಪಾರಗಳಲ್ಲಿ ನಂಬಿಕೆಯ ಹುಡುಗನೊಬ್ಬನನ್ನು ಗಲ್ಲಾದಲ್ಲಿ ಕೂರಿಸಿ ಮಾಲೀಕ ಮನೆಗೆ ಹೋಗಬಹುದು. ನಮ್ಮಲ್ಲಿ ಅದು ಸಲ್ಲದು. ವೈದ್ಯರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಾಸಿಸ್ಟ್ ತಾನೇ ಕೊಡಬೇಕು, ಇಲ್ಲವೇ ಅವರ ಖುದ್ದು ಮೇಲ್ವಿಚಾರಣೆಯಲ್ಲಿ ಕೊಡಬೇಕು ಎಂದು 1945ರ ಔಷಧ ನಿಯಮಗಳು ಹೇಳುತ್ತವೆ. ಸಣ್ಣ ಊರುಗಳಲ್ಲಿ ಸಾಮಾನ್ಯವಾಗಿ ಮಾಲೀಕನೇ ಆ ಫಾರ್ಮಾಸಿಸ್ಟ್ ಆಗಿರುತ್ತಾನೆ. ಹೆಸರಿನಲ್ಲಿ ಒಂದೆರಡು ಅಕ್ಷರವಷ್ಟೇ ಬೇರೆಯಿದ್ದು ಗುಣದಲ್ಲಿ ಸಂಬಂಧವೇ ಇಲ್ಲದ ಮಾತ್ರೆಗಳು ಅಕ್ಕಪಕ್ಕದ ಖಾನೆಗಳಲ್ಲಿರುವ ಈ ವೃತ್ತಿಯಲ್ಲಿ ಆ ನಿಯಮ ಅತ್ಯಗತ್ಯವೆಂದೇ ನಾನು ನಂಬಿದ್ದೇನೆ. ಆದ್ದರಿಂದ ನಿಯಮವನ್ನು ಕಿಂಚಿತ್ತೂ ಸಡಿಲಿಸದೆ ನನ್ನ ಹೊತ್ತನ್ನು ಕಡಿಮೆ ಮಾಡಿಕೊಳ್ಳುವುದು ಹೇಗೆ ಎಂಬುದೇ ನನ್ನ ಮುಂದಿದ್ದ ಪ್ರಶ್ನೆಯಾಗಿತ್ತು.

ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ನೌಕರನ ಕೆಲಸಕ್ಕೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿದೆ. ಮಾಲೀಕನ ದುಡಿಮೆಗೆ ಅಂಥ ಮಿತಿಯಿಲ್ಲ. ಅದನ್ನು ಅವನೇ ಹಾಕಿಕೊಳ್ಳಬೇಕು. ನೌಕರನಿಗೆ ಕಾಯ್ದೆ ಕೊಟ್ಟಿರುವ 48 ಗಂಟೆಯನ್ನೇ ನಾನು ನನ್ನ ಗುರಿಯಾಗಿ ಇಟ್ಟುಕೊಂಡೆ.

ಮೊದಲು ಮಾಡಿದ ಕೆಲಸವೆಂದರೆ ಬಿಲ್ಲಿಂಗ್ ಸಾಫ್ಟ್‌ವೇರಿನಿಂದ ಗಂಟೆವಾರು ಮಾರಾಟದ ಪಟ್ಟಿ ತೆಗೆದದ್ದು. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಿಂದ ಜನ ಬರುವ ಹೊತ್ತು ಹತ್ತರಿಂದ ಒಂದೂವರೆ. ಖಾಸಗಿ ಕ್ಲಿನಿಕ್ಕುಗಳ ಚೀಟಿಗಳು ಬರುವುದು ಸಂಜೆ ಐದೂವರೆಯಿಂದ ಎಂಟೂವರೆ. ಹಳ್ಳಿಗೆ ಹೋಗುವ ಬಸ್ಸುಗಳ ಸಮಯಕ್ಕೂ ನಮ್ಮ ಕೌಂಟರಿನ ದಟ್ಟಣೆಗೂ ಇರುವ ಸಂಬಂಧ ಆ ಪಟ್ಟಿಯಲ್ಲಿ ಎದ್ದು ಕಾಣುತ್ತಿತ್ತು. ಮಧ್ಯಾಹ್ನ ಹೋಗುತ್ತಿದ್ದುದು ಹೆಚ್ಚಾಗಿ ಸೋಪು, ನೋವಿನ ಮುಲಾಮು, ಓಆರ್‌ಎಸ್ ಪುಡಿಯಂಥ ವಸ್ತುಗಳು. ಹೀಗಾಗಿ ಎರಡರಿಂದ ನಾಲ್ಕೂವರೆಯವರೆಗೆ ಬಾಗಿಲು ಮುಚ್ಚುವ ನಿರ್ಧಾರ ಸುಲಭವಾಯಿತು. ರಾತ್ರಿಯ ಕೊನೆಯ ಗಂಟೆಯ ಲೆಕ್ಕ ಮಾತ್ರ ಬೇರೆ. ಆಗ ಬಿಲ್ಲುಗಳು ಬೆರಳೆಣಿಕೆಯಷ್ಟೇ ಇದ್ದರೂ ಅವುಗಳಲ್ಲಿ ಒಂದು ಮಗುವಿನ ಜ್ವರದ ಸಿರಪ್ಪು, ಇನ್ನೊಂದು ಉಬ್ಬಸದವರ ಇನ್‌ಹೇಲರ್ ಆಗಿರುತ್ತಿತ್ತು. ಅದನ್ನು ರೂಪಾಯಿಯಲ್ಲಿ ಅಳೆದು ಕೈಬಿಡಲು ನನಗೆ ಮನಸ್ಸಾಗಲಿಲ್ಲ. ನಮ್ಮ ಬೀದಿಯ ಇತರ ಮೆಡಿಕಲ್ ಅಂಗಡಿಯವರೊಡನೆ ಮಾತಾಡಿ, ರಾತ್ರಿ ಹತ್ತರವರೆಗೆ ಒಬ್ಬೊಬ್ಬರು ಒಂದೊಂದು ದಿನ ಸರದಿಯಂತೆ ತೆರೆದಿಡುವುದೆಂದು ಒಪ್ಪಿಕೊಂಡೆವು. ಇಂದು ಯಾರ ಅಂಗಡಿ ತೆರೆದಿದೆ ಎಂಬ ಫಲಕ ಪ್ರತಿಯೊಬ್ಬರ ಶಟರಿನ ಮೇಲೂ ಇದೆ. ಪೈಪೋಟಿಯವರು ಎಂದುಕೊಂಡವರಿಗೂ ಮನೆಗೆ ಬೇಗ ಹೋಗುವ ಆಸೆ ನನ್ನಷ್ಟೇ ಇತ್ತು.

ಎರಡನೆಯದು, ಮತ್ತು ಎಲ್ಲಕ್ಕಿಂತ ಕಷ್ಟದ್ದು, ಇನ್ನೊಬ್ಬ ಫಾರ್ಮಾಸಿಸ್ಟ್‌ಗೆ ಸಂಬಳ ಹೊಂದಿಸುವುದು. ಬೆಲೆ ನಿಯಂತ್ರಣದಲ್ಲಿರುವ ಔಷಧಗಳಿಗೆ 2013ರ ಔಷಧ ಬೆಲೆ ನಿಯಂತ್ರಣ ಆದೇಶ ಚಿಲ್ಲರೆ ವ್ಯಾಪಾರಿಗೆ ಕೊಟ್ಟಿರುವ ಲಾಭಾಂಶ ಶೇ. 16, ಉಳಿದವುಗಳಲ್ಲಿ ಸಾಮಾನ್ಯವಾಗಿ ಶೇ. 20. ಅಂದರೆ ತಿಂಗಳಿಗೆ 20,000 ರೂಪಾಯಿ ಸಂಬಳ ಕೊಡಬೇಕಾದರೆ ಒಂದು ಲಕ್ಷಕ್ಕೂ ಮಿಕ್ಕಿದ ವಹಿವಾಟಿನ ಲಾಭ ಅದೊಂದಕ್ಕೇ ಸಲ್ಲುತ್ತದೆ. ಮಾರಾಟ ಹೆಚ್ಚಿಸಿ ಆ ಹಣ ತರುವುದೆಂದರೆ ಮತ್ತೆ ಹೊತ್ತು ಹೆಚ್ಚಿಸಿದಂತೆಯೇ. ಆದ್ದರಿಂದ ಖಾನೆಗಳಲ್ಲಿ ಸುಮ್ಮನೆ ಕುಳಿತಿದ್ದ ಸರಕಿನ ಕಡೆ ನೋಡಿದೆ. ಒಂದೇ ಔಷಧದ ಹಲವು ಬ್ರಾಂಡುಗಳಲ್ಲಿ ನಿಜವಾಗಿ ಹೋಗುವವನ್ನಷ್ಟೇ ಇಟ್ಟುಕೊಂಡೆ. ಅವಧಿ ಮುಗಿಯಲು ಆರು ತಿಂಗಳಿರುವ ಬ್ಯಾಚುಗಳನ್ನು ಪ್ರತಿ ತಿಂಗಳೂ ಬೇರ್ಪಡಿಸಿ ಸ್ಟಾಕಿಸ್ಟರಿಗೆ, ಎಂದರೆ ನಮಗೆ ಔಷಧ ಪೂರೈಸುವ ಸಗಟು ವ್ಯಾಪಾರಿಗಳಿಗೆ, ಸಕಾಲದಲ್ಲಿ ಹಿಂದಿರುಗಿಸತೊಡಗಿದೆ. ಹೀಗೆ ಬಿಡುಗಡೆಯಾದ ಹಣದಿಂದ ಸ್ಟಾಕಿಸ್ಟರ ಬಿಲ್ಲುಗಳನ್ನು ಕೂಡಲೇ ತೀರಿಸಿದ್ದರಿಂದ ನಗದು ರಿಯಾಯಿತಿಯೂ ದೊರೆಯಿತು. ಇವೆಲ್ಲ ಸೇರಿ ಅರ್ಧ ದಿನದ ಸಂಬಳಕ್ಕೆ ದಾರಿಯಾಯಿತು. ಡಿ.ಫಾರ್ಮ ಓದಿ, ಮದುವೆಯ ನಂತರ ನಮ್ಮ ಊರಿಗೆ ಬಂದು, ಮಗು ಶಾಲೆಯಲ್ಲಿರುವ ಹೊತ್ತಿನಲ್ಲಷ್ಟೇ ಕೆಲಸ ಮಾಡಬಲ್ಲ ಒಬ್ಬರು ಇದ್ದರು. ಪೂರ್ಣ ದಿನದ ಕೆಲಸ ಅವರಿಗೆ ಬೇಕಿರಲಿಲ್ಲ, ಪೂರ್ಣ ದಿನದ ಸಂಬಳ ನನ್ನಿಂದ ಆಗುತ್ತಿರಲಿಲ್ಲ. ಅವರ ನೋಂದಣಿಯ ವಿವರವನ್ನು ಔಷಧ ನಿಯಂತ್ರಣ ಇಲಾಖೆಗೆ ಲಿಖಿತವಾಗಿ ತಿಳಿಸಿದ ಮೇಲೆಯೇ ವಾರದ ನಾಲ್ಕು ಬೆಳಗುಗಳನ್ನು ಅವರಿಗೆ ಒಪ್ಪಿಸಿದೆ.

ಕೌಂಟರಿನಲ್ಲಿ ಕಳೆಯುವ ಹೊತ್ತು ಕಣ್ಣಿಗೆ ಕಾಣುತ್ತದೆ; ಬಾಗಿಲು ಮುಚ್ಚಿದ ಮೇಲಿನ ಕೆಲಸ ಕಾಣುವುದಿಲ್ಲ. ಶೆಡ್ಯೂಲ್ ಎಚ್1 ಪಟ್ಟಿಯ ಔಷಧಗಳನ್ನು, ಎಂದರೆ ಕ್ಷಯರೋಗದ ಔಷಧಗಳು, ಕೆಲವು ಪ್ರಬಲ ಆಂಟಿಬಯಾಟಿಕ್‌ಗಳು ಮುಂತಾದವನ್ನು, ಮಾರಿದಾಗ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ ಮತ್ತು ಪ್ರಮಾಣವನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಇದನ್ನು ರಾತ್ರಿಗೆ ಉಳಿಸಿಕೊಳ್ಳದೆ ಮಾರಿದ ಕ್ಷಣವೇ ಬರೆಯುವುದು ನಮ್ಮಿಬ್ಬರ ಕಟ್ಟುನಿಟ್ಟಾದ ಕ್ರಮ. ದಿನವಿಡೀ ಬರುತ್ತಿದ್ದ ಸ್ಟಾಕಿಸ್ಟರ ಫೋನುಗಳ ಬದಲು, ಮುಗಿಯುತ್ತಿರುವ ಔಷಧಗಳನ್ನು ಶಾರ್ಟ್ ಬುಕ್ಕಿನಲ್ಲಿ ಬರೆದಿಟ್ಟು ದಿನಕ್ಕೊಮ್ಮೆ, ಮಧ್ಯಾಹ್ನ ಮುಚ್ಚುವ ಮುನ್ನ, ಆರ್ಡರ್ ಕಳಿಸುತ್ತೇನೆ. ಜಿಎಸ್‌ಟಿಯಲ್ಲಿ 5 ಕೋಟಿವರೆಗಿನ ವಹಿವಾಟಿನವರಿಗೆ 2021ರ ಜನವರಿಯಿಂದ ಇರುವ ತ್ರೈಮಾಸಿಕ ರಿಟರ್ನ್ ಸೌಲಭ್ಯವನ್ನು ಆರಿಸಿಕೊಂಡದ್ದರಿಂದ ಪ್ರತಿ ತಿಂಗಳ ಕೊನೆಯ ಲೆಕ್ಕದ ಒತ್ತಡವೂ ಇಳಿಯಿತು.

ಬಿಪಿ, ಸಕ್ಕರೆ ಕಾಯಿಲೆಯವರು ಪ್ರತಿ ತಿಂಗಳೂ ಬಹುತೇಕ ಅದೇ ಔಷಧ ಒಯ್ಯುತ್ತಾರೆ. ಅವರ ಮಾತ್ರೆ ಮುಗಿಯುವ ದಿನಾಂಕವನ್ನು ಬರೆದುಕೊಂಡು, ಮುಂಚಿತವಾಗಿ ಫೋನು ಮಾಡಿ, ವೈದ್ಯರು ಚೀಟಿ ಬದಲಿಸಿದ್ದಾರೆಯೇ ಎಂದು ಕೇಳಿ, ಪೊಟ್ಟಣ ಸಿದ್ಧಮಾಡಿ ಇಡುತ್ತೇವೆ; ಚೀಟಿ ನೋಡಿ ಕೈಗೆ ಕೊಡುವುದಷ್ಟೇ ಉಳಿಯುತ್ತದೆ. ಸಂಜೆಯ ನೂಕುನುಗ್ಗಲು ತಗ್ಗಿದ್ದು ಮುಖ್ಯವಾಗಿ ಇದರಿಂದ. ಇನ್ಸುಲಿನ್ ಮಾತ್ರ ಅವರು ಬರುವವರೆಗೂ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು. ನಮ್ಮಲ್ಲಿ ಆಷಾಢದ ಮಳೆಗೆ ಮರ ಬಿದ್ದರೆ ಕರೆಂಟು ಎಷ್ಟು ಹೊತ್ತಿಗೆ ಬಂದೀತೆಂದು ಹೇಳಲಾಗದು. ಮನೆಯಲ್ಲಿದ್ದರೂ ಮನಸ್ಸು ಆ ಫ್ರಿಜ್ಜಿನ ಬಳಿಯೇ ಇರುತ್ತಿತ್ತು. ಅದಕ್ಕೆಂದೇ ಒಂದು ಇನ್ವರ್ಟರ್ ಮತ್ತು ತಾಪಮಾನವನ್ನು ತಾನೇ ದಾಖಲಿಸುವ ಥರ್ಮಾಮೀಟರ್ ತಂದದ್ದು ನಾನು ಮಾಡಿದ ಖರ್ಚುಗಳಲ್ಲಿ ಅತ್ಯಂತ ಸಾರ್ಥಕವಾದದ್ದು.

ಹೊಸ ಕ್ರಮದ ಆರಂಭದಲ್ಲಿ ಮಾರಾಟ ತುಸು ಇಳಿಯಿತು, ಮುಖ್ಯವಾಗಿ ಮಧ್ಯಾಹ್ನದ ಸೋಪು, ಮುಲಾಮುಗಳಲ್ಲಿ. ಚೀಟಿಯ ಔಷಧದ ಗಿರಾಕಿಗಳು ಹೊಸ ವೇಳೆಗೆ ಹೊಂದಿಕೊಂಡರು. ಅಡಿಕೆ ಬೆಳೆಗಾರರ ಉದ್ರಿ ಲೆಕ್ಕ ಹಿಂದಿನಂತೆಯೇ ಕೊಯ್ಲು ಮುಗಿದು ಮಂಡಿಯ ದುಡ್ಡು ಬಂದ ಮೇಲೆ ಚುಕ್ತಾ ಆಗುತ್ತದೆ. ಅದನ್ನು ಬದಲಿಸುವ ಯೋಚನೆ ನನಗಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಜ್ವರದ ತಿಂಗಳುಗಳಲ್ಲಿ ಮಾತ್ರ ಈ ವೇಳಾಪಟ್ಟಿ ಪೂರ್ತಿ ನಡೆಯುವುದಿಲ್ಲ. ಆಗ ಮಧ್ಯಾಹ್ನವೂ ಬಾಗಿಲು ತೆರೆದಿರುತ್ತದೆ. ನನ್ನ ಜೊತೆಯ ಫಾರ್ಮಾಸಿಸ್ಟ್ ಒಪ್ಪಿಕೊಂಡ ಹೊತ್ತಿಗಿಂತ ಹೆಚ್ಚು ನಿಂತರೆ, ಕಾಯ್ದೆ ಹೇಳುವ ಮಿತಿ ಮುಟ್ಟದಿದ್ದರೂ, ಆ ಹೊತ್ತಿಗೆ ಎರಡು ಪಟ್ಟು ಸಂಬಳ ಕೊಡುತ್ತೇನೆ. ಆ ಹಣವನ್ನು ಬೇಸಿಗೆಯಲ್ಲೇ ತೆಗೆದಿರಿಸಿರುತ್ತೇನೆ.