ಮೂರು ಮನೆ, ಆರು ಕುರ್ಚಿ: ತಾರಸಿ ಮೇಲೆ ವೈನ್ ಕೂಟ ಹೇಗೆ ಮಾಡುವುದು?

ಕೊರೊನಾ ಬಂದ ವರ್ಷ, ಅಂದರೆ 2020ರ ಅಕ್ಟೋಬರ್‌ನ ಒಂದು ಶನಿವಾರ ಸಂಜೆ ನಮ್ಮ ಮನೆ ತಾರಸಿ ಮೇಲೆ ಎಂಟು ಜನ ಸೇರಿದ್ದೆವು. ಏಳು ತಿಂಗಳ ಮೇಲೆ ಗೆಳೆಯರ ಮುಖ ನೋಡಿದ ಖುಷಿ. ಕುರ್ಚಿಗಳನ್ನು ದೂರ ದೂರ ಹಾಕಿದ್ದೆ, ಮೆಟ್ಟಿಲ ಹತ್ತಿರ ಸ್ಯಾನಿಟೈಸರ್ ಇಟ್ಟಿದ್ದೆ. ಎಂಟೂವರೆ ತನಕ ಎಲ್ಲ ಚೆನ್ನಾಗೇ ನಡೆಯಿತು. ಆಮೇಲೆ ಮಳೆ ಬಂತು.

ಎಲ್ಲರೂ ಗ್ಲಾಸ್ ಹಿಡಿದುಕೊಂಡೇ ಮೆಟ್ಟಿಲ ಮೇಲಿನ ಪುಟ್ಟ ರೂಮಿಗೆ ಓಡಿದೆವು. ಹತ್ತಡಿ ಉದ್ದ, ಎಂಟಡಿ ಅಗಲ. ಕಿಟಕಿ ಇಲ್ಲ. ಮಾಸ್ಕ್‌ಗಳು ಹೊರಗೆ ಕುರ್ಚಿಗಳ ಮೇಲೆ ನೆನೆಯುತ್ತಿದ್ದವು. ಮಳೆಯ ಸದ್ದಿನಲ್ಲಿ ಕೇಳಿಸಲಿ ಅಂತ ಜೋರು ಜೋರಾಗಿ ಮಾತಾಡುತ್ತಾ ಅರ್ಧ ಗಂಟೆ ಅಲ್ಲೇ ನಿಂತೆವು. ಮಂಗಳವಾರ ಬೆಳಗ್ಗೆ ಗೆಳತಿಯ ಫೋನ್ ಬಂತು: "ಡಿಕಾಕ್ಷನ್ ಹಾಕ್ತಿದೀನಿ ಕಣೇ, ವಾಸನೆನೇ ಬರ್ತಿಲ್ಲ." ವಾಸನೆ ಗೊತ್ತಾಗದಿರುವುದು ಕೊರೊನಾದ ಒಂದು ಗುರುತು.

ಆ ವಾರ ಎಂಟು ಜನರಲ್ಲಿ ನಾಲ್ವರಿಗೆ ಪಾಸಿಟಿವ್ ಬಂತು, ನಾನೂ ಸೇರಿ. ಕೆಳಗಿನ ಮನೆಯಲ್ಲಿ ನಮ್ಮ ಅಮ್ಮ ಇರುತ್ತಾರೆ, ಎಪ್ಪತ್ತು ದಾಟಿದೆ. ಹದಿನಾಲ್ಕು ದಿನ ಅವರನ್ನು ಮೆಟ್ಟಿಲ ಮೇಲಿಂದಲೇ ನೋಡಿದೆ. ದಿನಾ ಬೆಳಗ್ಗೆ ಫೋನ್ ಮಾಡಿ ಜ್ವರ ಎಷ್ಟಿದೆ ಅಂತ ಕೇಳುತ್ತಿದ್ದೆ. ಅವರಿಗೆ ಏನೂ ಆಗಲಿಲ್ಲ. ಆದರೆ ಆ ಹದಿನಾಲ್ಕು ರಾತ್ರಿ ನನಗೆ ನಿದ್ದೆ ಬಂದಿಲ್ಲ.

ಇದನ್ನು ಬರೆಯುತ್ತಿರುವುದು 2021ರ ಡಿಸೆಂಬರ್‌ನಲ್ಲಿ. ಎರಡು ಡೋಸ್ ಲಸಿಕೆ ಆಗಿದೆ, ವರ್ಷದ ಕೊನೆ, ಸಂಜೆಯ ಚಳಿ ಹಿತವಾಗಿದೆ. ಜನ ಸೇರಬೇಕು ಅಂತ ಆಸೆಪಡೋದು ತಪ್ಪಲ್ಲ. ಆದರೆ ಕೊರೊನಾದ ಹೊಸ ತಳಿ ಒಮಿಕ್ರಾನ್‌ನ ದೇಶದ ಮೊದಲ ಎರಡು ಪ್ರಕರಣಗಳು ಪತ್ತೆಯಾಗಿದ್ದು ಇದೇ ತಿಂಗಳ 2ನೇ ತಾರೀಕು, ನಮ್ಮ ಬೆಂಗಳೂರಿನಲ್ಲೇ. ಹಾಗಾಗಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಖ್ಯವಾದ ಮಾತು ಒಂದೇ. ಎಲ್ಲ ತೀರ್ಮಾನಗಳೂ ಬಾಟಲಿ ತೆರೆಯುವ ಮೊದಲೇ ಆಗಿರಬೇಕು. ಎರಡನೇ ಗ್ಲಾಸ್ ಆದ ಮೇಲೆ ಯಾರೂ ಆರಡಿ ಅಂತರದ ಲೆಕ್ಕ ಹಾಕಲ್ಲ.

ಮೊದಲು ಜಾಗ ನೋಡಿ

ಹೊರಗೆ ಅಂದರೆ ನಿಜವಾಗಿ ಹೊರಗೇ ಇರಬೇಕು. ಮೂರು ಕಡೆ ಪರದೆ ಕಟ್ಟಿದ ಶಾಮಿಯಾನ, ಗಾಜು ಹಾಕಿಸಿದ ಬಾಲ್ಕನಿ, ಶೀಟ್ ಹೊದಿಸಿ ಸುತ್ತ ಮುಚ್ಚಿದ ತಾರಸಿ, ಇವೆಲ್ಲ ಲೆಕ್ಕಕ್ಕೆ ಒಳಗೇ. ಕೊರೊನಾ ಹರಡೋದು ಹೆಚ್ಚಾಗಿ ಉಸಿರಿನಿಂದ. ಮಾತಾಡುವಾಗ, ನಗುವಾಗ ಬಾಯಿಂದ ಹೊರಬರುವ ಸಣ್ಣ ಹನಿಗಳು ಮುಚ್ಚಿದ ಜಾಗದಲ್ಲಿ ತುಂಬಾ ಹೊತ್ತು ಗಾಳಿಯಲ್ಲೇ ಉಳಿಯುತ್ತವೆ. ಬಯಲಲ್ಲಿ ಬೇಗ ಚದುರಿ ಹೋಗುತ್ತವೆ.

ನಾನೀಗ ಒಂದು ಕೆಲಸ ಮಾಡುತ್ತೇನೆ. ಹಿಂದಿನ ದಿನ ಸಂಜೆ ಅದೇ ಹೊತ್ತಿಗೆ ತಾರಸಿಗೆ ಹೋಗಿ, ಕುರ್ಚಿ ಹಾಕುವ ಜಾಗದಲ್ಲಿ ಒಂದು ಊದುಬತ್ತಿ ಹಚ್ಚಿ ಇಡುತ್ತೇನೆ. ಹೊಗೆ ಎದ್ದ ತಕ್ಷಣ ಒಂದು ದಿಕ್ಕಿಗೆ ಎಳೆದುಕೊಂಡು ಮಾಯವಾದರೆ ಜಾಗ ಸರಿ. ಅಲ್ಲೇ ಸುತ್ತುತ್ತಾ ನಿಂತರೆ ಆ ಮೂಲೆ ಬೇಡ. ನಮ್ಮ ತಾರಸಿಯಲ್ಲಿ ನೀರಿನ ಟ್ಯಾಂಕ್ ಹಿಂದಿನ ಮೂಲೆಯಲ್ಲಿ ಹೊಗೆ ಅಲ್ಲಾಡಲೇ ಇಲ್ಲ. ಕಳೆದ ವರ್ಷ ಮೂರು ಕುರ್ಚಿ ಹಾಕಿದ್ದು ಅದೇ ಮೂಲೆಗೆ! ಗಾಳಿ ಯಾವ ಕಡೆಯಿಂದ ಬರುತ್ತದೆ ಅನ್ನೋದೂ ಇದರಿಂದ ಗೊತ್ತಾಗುತ್ತದೆ. ವಯಸ್ಸಾದವರು ಅಥವಾ ಶುಗರ್, ಬಿಪಿ ಇರುವವರು ಬರುವುದಾದರೆ ಅವರ ಕುರ್ಚಿ ಗಾಳಿ ಬರುವ ಕಡೆ ಇರಲಿ.

30×40 ಸೈಟಿನ ಮನೆಯ ತಾರಸಿಯಲ್ಲಿ ಟ್ಯಾಂಕು, ಸೋಲಾರ್, ಬಟ್ಟೆ ಒಣಗಿಸುವ ತಂತಿ ಎಲ್ಲ ಬಿಟ್ಟರೆ ಆರು ಜನಕ್ಕೆ ಆರಾಮಾಗಿ ಜಾಗ ಆಗುತ್ತದೆ. ಅಪಾರ್ಟ್‌ಮೆಂಟಿನಲ್ಲಿದ್ದರೆ ಅಸೋಸಿಯೇಷನ್‌ನವರನ್ನು ಕೇಳಿಯೇ ತಾರಸಿ ಬಳಸಿ. ಪಾರ್ಕು, ಕೆರೆ ದಂಡೆ ಬೇಡ, ಸಾರ್ವಜನಿಕ ಜಾಗದಲ್ಲಿ ಕುಡಿಯುವಂತಿಲ್ಲ. ಮನೆಯಲ್ಲಾದರೂ ತಲೆಗಿಷ್ಟು ಅಂತ ದುಡ್ಡು ತೆಗೆದುಕೊಂಡು ವೈನ್ ಕೊಡಬೇಡಿ, ಅದಕ್ಕೆ ಅಬಕಾರಿ ಲೈಸೆನ್ಸ್ ಬೇಕು. ಕರೆಯುವ ದಿನ ಸರ್ಕಾರದ ಆದೇಶ ಏನಿದೆ ಅಂತ ಬೆಳಗ್ಗೆ ಒಮ್ಮೆ ನೋಡಿಕೊಳ್ಳಿ. ಈ ಎರಡು ವರ್ಷದಲ್ಲಿ ನಿಯಮ ರಾತ್ರೋರಾತ್ರಿ ಬದಲಾಗಿದ್ದು ನಮಗೆಲ್ಲ ಗೊತ್ತೇ ಇದೆ.

ಯಾರನ್ನು ಕರೆಯುವುದು

ತಲೆ ಲೆಕ್ಕ ಬೇಡ, ಮನೆ ಲೆಕ್ಕ ಇಡಿ. ಆರು ಜನ ಆರು ಬೇರೆ ಬೇರೆ ಮನೆಯಿಂದ ಬಂದರೆ ಆರು ಮನೆಗಳ ಉಸಿರು ಕೂಡುತ್ತದೆ. ಮೂರು ಮನೆಯಿಂದ ಇಬ್ಬಿಬ್ಬರು ಬಂದರೆ ಕುರ್ಚಿ ಹಾಕೋದೂ ಸುಲಭ. ಒಂದೇ ಮನೆಯವರು ಪಕ್ಕ ಪಕ್ಕ, ಮನೆ ಮನೆಯ ನಡುವೆ ಆರಡಿ. ಎಲ್ಲರಿಗೂ ಎರಡು ಡೋಸ್ ಆಗಿ ಹದಿನಾಲ್ಕು ದಿನ ಕಳೆದಿರಲಿ. 2021ರ ಈ ಡಿಸೆಂಬರ್‌ವರೆಗೆ ಮಕ್ಕಳಿಗೆ ಲಸಿಕೆ ಬಂದಿಲ್ಲ, ಆದ್ದರಿಂದ ಈ ಕೂಟ ದೊಡ್ಡವರಿಗಷ್ಟೇ.

ಲಸಿಕೆ ಆದವರಿಗೂ ಸೋಂಕು ಬರಬಹುದು, ಅವರಿಂದ ಬೇರೆಯವರಿಗೆ ಹರಡಲೂಬಹುದು. ಕೆಮ್ಮು, ಜ್ವರ ಶುರುವಾಗುವ ಎರಡು ದಿನ ಮುಂಚಿನಿಂದಲೇ ಹರಡಬಹುದು. ಅದಕ್ಕೇ ಮನೆಯಲ್ಲೇ ಮಾಡಿಕೊಳ್ಳುವ ಕೊರೊನಾ ಟೆಸ್ಟ್, ಅಂದರೆ ಆಂಟಿಜೆನ್ ಕಿಟ್ ಒಳ್ಳೆಯದು. ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಹದಿನೈದು ನಿಮಿಷದಲ್ಲಿ ಗೊತ್ತಾಗುತ್ತದೆ. ಅವತ್ತೇ ಬೆಳಗ್ಗೆ ಮಾಡಿಕೊಳ್ಳಲಿ. ಆದರೆ ನೆಗೆಟಿವ್ ಬಂತು ಅಂತ ಗಂಟಲು ಕೆರೆತ ಇಟ್ಟುಕೊಂಡು ಬರೋದು ಬೇಡ. ಲಕ್ಷಣ ಇದ್ದರೆ ಲ್ಯಾಬಿನ ಟೆಸ್ಟ್, ಅಂದರೆ ಆರ್‌ಟಿಪಿಸಿಆರ್ ಮಾಡಿಸಲೇಬೇಕು.

ಕರೆಯುವಾಗಲೇ ಬಾಯಿಬಿಟ್ಟು ಹೇಳಿ: "ಮೂಗು ಕಟ್ಟಿದ್ರೂ ಬರಬೇಡಿ, ನಾನೇನೂ ಬೇಜಾರ್ ಮಾಡ್ಕೊಳಲ್ಲ." ನಮ್ಮಲ್ಲಿ ಕರೆದವರಿಗೆ ಬೇಜಾರಾಗುತ್ತದೆ ಅಂತಲೇ ಎಷ್ಟೋ ಜನ ಒಂದು ಮಾತ್ರೆ ನುಂಗಿ ಬಂದುಬಿಡುತ್ತಾರೆ. ಆ ಸಂಕೋಚ ಬಿಡಿಸೋದು ಕರೆಯುವವರ ಕೆಲಸ.

ಮಳೆಯ ಮಾತೂ ಆಗಲೇ ಆಗಲಿ. ಮಳೆ ಬಂದರೆ ಕೂಟ ಮುಗಿಯಿತು, ಎಲ್ಲರೂ ಮಾಸ್ಕ್ ಹಾಕಿಕೊಂಡು ಮನೆಗೆ. ಒಳಗೆ ಕೂತು ಮುಂದುವರಿಸೋಣ ಅನ್ನೋದು ಬೇಡವೇ ಬೇಡ. ಪ್ರತಿಯೊಬ್ಬರೂ ಒಂದು ಕೊಡೆ, ಒಂದು ಸ್ವೆಟರ್, ಒಂದು ಹೆಚ್ಚಿನ ಮಾಸ್ಕ್ ತರಲಿ. ಚಳಿಗೆ ಒಳಗೆ ಹೋಗೋಣ್ವಾ ಅನ್ನುವ ಮಾತು ಬಾರದಿರಲಿ ಅಂತ ಸ್ವೆಟರ್.

ವೈನ್ ಮತ್ತು ಗ್ಲಾಸು

ನಮ್ಮ ರಾಜ್ಯದ ವೈನನ್ನೇ ತನ್ನಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ನಂದಿಬೆಟ್ಟದ ಸುತ್ತ, ದೊಡ್ಡಬಳ್ಳಾಪುರದ ಕಡೆ, ವಿಜಯಪುರದಲ್ಲಿ, ಕೊಪ್ಪಳದ ಕಡೆ ವೈನ್ ದ್ರಾಕ್ಷಿಯ ತೋಟಗಳಿವೆ. ಸರ್ಕಾರ 2007ರಲ್ಲಿ ವೈನ್ ನೀತಿ ತಂದ ಮೇಲೆ ಈ ಬೆಳೆಗೆ ಒಂದು ನೆಲೆ ಸಿಕ್ಕಿತು. ನಮ್ಮ ಖಾರದ ತಿಂಡಿಗೆ ಶೆನಿನ್ ಬ್ಲಾಂಕ್ ಅನ್ನುವ ವೈಟ್ ವೈನ್ ಚೆನ್ನಾಗಿ ಹೊಂದುತ್ತದೆ. ಅದರಲ್ಲಿರುವ ಹುಳಿ, ಸ್ವಲ್ಪ ಸಿಹಿ ಖಾರವನ್ನು ತಣಿಸುತ್ತದೆ. ರೆಡ್ ಬೇಕೆಂದರೆ ಶಿರಾಜ್ ತನ್ನಿ. ಫ್ರಿಜ್‌ನಲ್ಲಿ ಇಪ್ಪತ್ತು ನಿಮಿಷ ಇಟ್ಟು ತೆಗೆಯಿರಿ, 16ರಿಂದ 18 ಡಿಗ್ರಿ ಇದ್ದರೆ ರುಚಿ. ನಮ್ಮ ರೂಮಿನಲ್ಲಿ ಇಟ್ಟ ರೆಡ್ ವೈನ್ ಅದಕ್ಕಿಂತ ಬಿಸಿ ಇರುತ್ತದೆ.

ಒಂದೇ ಬಾಟಲಿ ಕೈಯಿಂದ ಕೈಗೆ ಹೋಗೋದು ಬೇಡ. 375 ಎಂಎಲ್‌ನ ಅರ್ಧ ಬಾಟಲಿ ಸಿಕ್ಕಿದರೆ ಅದೇ ಒಳ್ಳೆಯದು. ಮನೆಗೊಂದು ವೈಟ್, ಒಂದು ರೆಡ್ ಇಟ್ಟುಬಿಡಿ. ಇಬ್ಬರಿಗೆ ಒಟ್ಟು 750 ಎಂಎಲ್, 150 ಎಂಎಲ್‌ನ ಗ್ಲಾಸ್ ಲೆಕ್ಕದಲ್ಲಿ ತಲಾ ಎರಡೂವರೆ. ಊಟದ ಜೊತೆ ಎರಡೂವರೆ ಗಂಟೆಗೆ ಅಷ್ಟು ಧಾರಾಳ ಸಾಕು. ತಮ್ಮ ಬಾಟಲಿ ತಾವೇ ತೆರೆದು ಬಗ್ಗಿಸಿಕೊಳ್ಳಲಿ. ದೊಡ್ಡ ಬಾಟಲಿಯೇ ಇದ್ದರೆ ಬಗ್ಗಿಸುವವರು ಒಬ್ಬರೇ ಇರಲಿ, ಮಾಸ್ಕ್ ಹಾಕಿರಲಿ. ಕುಡಿಯುವವರು ಗ್ಲಾಸನ್ನು ಸ್ಟೂಲ್ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಹೋದ ಮೇಲೆ ಬಗ್ಗಿಸುವವರು ಬಂದು ಬಗ್ಗಿಸಲಿ. ಬಾಟಲಿಯ ಬಾಯಿ ಗ್ಲಾಸಿಗೆ ತಾಗಬಾರದು. ಅಜ್ಜಿಯರು ಹೇಳುತ್ತಿದ್ದ ಎಂಜಲಿನ ನಿಯಮ ಇಲ್ಲಿ ಹಾಗೇ ಉಪಯೋಗಕ್ಕೆ ಬರುತ್ತದೆ.

ಗ್ಲಾಸ್ ಅವರವರ ಮನೆಯಿಂದಲೇ ಬರಲಿ. ಬಟ್ಟೆಯಲ್ಲಿ ಸುತ್ತಿ ತಂದರೆ ಒಡೆಯಲ್ಲ. ನಿಮ್ಮದೇ ಕೊಡುವುದಾದರೆ ಗ್ಲಾಸಿನ ಕಾಲಿಗೆ ಒಂದೊಂದು ಬಣ್ಣದ ದಾರ ಕಟ್ಟಿ, ಯಾರದು ಯಾವುದು ಅಂತ ಕತ್ತಲಲ್ಲೂ ಗೊತ್ತಾಗಬೇಕು. ಗ್ಲಾಸಿಗೆ ಗ್ಲಾಸ್ ತಾಗಿಸದೆ ದೂರದಿಂದಲೇ ಎತ್ತಿ ಚಿಯರ್ಸ್ ಅನ್ನಿ. ನಾಲ್ಕಾರು ವೈನ್ ರುಚಿ ನೋಡಿ ಉಗಿಯುವ ಅಭ್ಯಾಸ ಇರುವವರಿಗೆ ಒಬ್ಬೊಬ್ಬರಿಗೂ ಮುಚ್ಚಳ ಇರುವ ಲೋಟ ಬೇರೆ ಕೊಡಿ. ಎಲ್ಲರೂ ಒಂದೇ ಪಾತ್ರೆಗೆ ಉಗಿಯುವುದು ಈ ಕಾಲಕ್ಕಲ್ಲ.

ವೈನಿನಲ್ಲೂ ಆಲ್ಕೋಹಾಲ್ ಇದೆಯಲ್ಲ, ವೈರಸ್ ಸಾಯುತ್ತೆ ಅಲ್ವಾ ಅಂತ ಕೇಳುವವರಿದ್ದಾರೆ. ಸಾಯಲ್ಲ. ಸ್ಯಾನಿಟೈಸರ್‌ನಲ್ಲಿ ಕನಿಷ್ಠ ಶೇ 60ರಷ್ಟು ಆಲ್ಕೋಹಾಲ್ ಬೇಕು. ವೈನಿನಲ್ಲಿ ಇರೋದು ಹೆಚ್ಚುಕಡಿಮೆ ಶೇ 12ರಿಂದ 14. ಕುಡಿದರೆ ಕೊರೊನಾ ಬರಲ್ಲ ಅನ್ನುವ ಮಾತನ್ನು ದಯವಿಟ್ಟು ಯಾರಿಗೂ ಹೇಳಬೇಡಿ.

ತಿಂಡಿ, ಕೈ, ಬಾತ್‌ರೂಮ್

ನಡುವೆ ಒಂದು ದೊಡ್ಡ ಬಟ್ಟಲು ಇಟ್ಟು ಎಲ್ಲರೂ ಕೈ ಹಾಕೋದು ಬೇಡ. ನಮಗೆ ದೊನ್ನೆ ಇದೆ. ಒಬ್ಬೊಬ್ಬರಿಗೆ ಒಂದೊಂದು ದೊನ್ನೆಯಲ್ಲಿ ಕಾಂಗ್ರೆಸ್ ಕಡಲೆಕಾಯಿ, ಇನ್ನೊಂದರಲ್ಲಿ ಕೋಡುಬಳೆ, ನಿಪ್ಪಟ್ಟು. ಬಿಸಿಯಾಗಿ ಏನಾದರೂ ಬೇಕೆಂದರೆ ಪನ್ನೀರೋ ಚಿಕನ್ನೋ ಹುರಿದು ತಟ್ಟೆಗೆ ಹಾಕಿಯೇ ಮೇಲೆ ತನ್ನಿ. ಖಾಲಿ ಹೊಟ್ಟೆಗೆ ವೈನ್ ಬೇಡ. ನೀರಿನ ಬಾಟಲಿಗಳ ಮೇಲೆ ಹೆಸರು ಬರೆದಿಡಿ.

ಕೈಗೆ ಸೋಪು, ನೀರೇ ಒಳ್ಳೆಯದು, 20 ಸೆಕೆಂಡ್. ಘಮಘಮ ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಗ್ಲಾಸ್ ಹಿಡಿದರೆ ವೈನಿನ ಪರಿಮಳ ಸಿಗೋದೇ ಇಲ್ಲ. ಸೊಳ್ಳೆಬತ್ತಿಯ ಹೊಗೆಯೂ ಅಷ್ಟೇ, ಅದನ್ನು ದೂರ ಇಡಿ. ಚಳಿಗೆ ಕೆಂಡ ಹಾಕುವವರು ಸ್ಯಾನಿಟೈಸರ್ ಬಾಟಲಿಯನ್ನು ಅದರ ಹತ್ತಿರ ಸುಳಿಯಲೂ ಬಿಡಬೇಡಿ, ತಕ್ಷಣ ಹತ್ತಿಕೊಳ್ಳುತ್ತದೆ.

ಬಾತ್‌ರೂಮಿಗೆ ಮಾತ್ರ ಒಳಗೆ ಹೋಗಲೇಬೇಕಾಗುತ್ತದೆ. ಹೋಗುವಾಗ ಮಾಸ್ಕ್, ಒಮ್ಮೆಗೆ ಒಬ್ಬರೇ. ಕಿಟಕಿ ತೆಗೆದಿಡಿ, ಎಕ್ಸಾಸ್ಟ್ ಫ್ಯಾನ್ ಇಡೀ ಸಂಜೆ ಓಡಲಿ. ಟವಲ್ ತೆಗೆದು ಟಿಶ್ಯೂ ಇಡಿ.

ಕೂತ ಮೇಲೆ

ಹಾಡು ಸಣ್ಣಗೆ ಇರಲಿ. ಸ್ಪೀಕರ್ ಜೋರಾದರೆ ಮಾತು ಜೋರಾಗುತ್ತದೆ, ಮಾತು ಜೋರಾದರೆ ಬಾಯಿಂದ ಹೊರಬೀಳುವ ಹನಿ ಜಾಸ್ತಿ. ಕೇಳಿಸಲಿಲ್ಲ ಅಂತ ಕುರ್ಚಿ ಹತ್ತಿರ ಎಳೆದುಕೊಳ್ಳೋದೂ ಆಗಲೇ. ಕುರ್ಚಿಯ ಕಾಲಿರುವ ಜಾಗದಲ್ಲಿ ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿಡಿ. ಎದ್ದು ಹೋಗಿ ಬಂದವರು ಮತ್ತೆ ಗುರುತಿನ ಮೇಲೇ ಕೂರುತ್ತಾರೆ, ನೀವು ಹೇಳಬೇಕಾಗಲ್ಲ. ಸೆಲ್ಫಿಗೆ ತಲೆ ಕೂಡಿಸೋದು ಬೇಡ, ಗೋಡೆ ಹತ್ತಿರ ಹೋಗಿ ನೀವೇ ದೂರದಿಂದ ಫೋಟೊ ತೆಗೆಯಿರಿ.

ಯಾರಾದರೂ ಗ್ಲಾಸ್ ಮೂಸಿ "ಏನೂ ವಾಸನೆ ಇಲ್ವಲ್ಲ" ಅಂದರೆ ವೈನ್ ಕೆಟ್ಟಿದೆ ಅಂತ ಸುಮ್ನೆ ಬಿಡಬೇಡಿ. ಪಕ್ಕದವರಿಗೆ ತಮ್ಮ ಗ್ಲಾಸಿನಲ್ಲಿ ಬರುತ್ತಿದೆಯಾ ಕೇಳಿ. ಬರುತ್ತಿದ್ದರೆ, ವಾಸನೆ ಸಿಗದವರು ಮಾಸ್ಕ್ ಹಾಕಿಕೊಂಡು ಹೊರಡಬೇಕು, ಮರುದಿನ ಟೆಸ್ಟ್ ಮಾಡಿಸಬೇಕು.

ಆರೂವರೆಗೆ ಶುರು ಮಾಡಿ ಒಂಬತ್ತಕ್ಕೆ ಮುಗಿಸಿ. ಕುಡಿದವರು ಗಾಡಿ ಓಡಿಸೋದು ಬೇಡ. ಕ್ಯಾಬ್ ಹತ್ತಿದರೆ ಮಾಸ್ಕ್ ಇರಲಿ, ಕಿಟಕಿ ಇಳಿದಿರಲಿ. ಉಳಿದ ವೈನಿಗೆ ಬಿರಡೆ ಹಾಕಿ ಅವರವರ ಮನೆಗೇ ಕಳಿಸಿ, ಫ್ರಿಜ್‌ನಲ್ಲಿ ಎರಡು ಮೂರು ದಿನ ಚೆನ್ನಾಗಿರುತ್ತದೆ. ನಿಮ್ಮ ಗ್ಲಾಸುಗಳಾದರೆ ಬಿಸಿನೀರು, ಪಾತ್ರೆ ಸೋಪಿನಲ್ಲಿ ನೀವೇ ತೊಳೆಯಿರಿ. ಬೆಳಗ್ಗೆ ಕೆಲಸಕ್ಕೆ ಬರುವವರಿಗೆ ಅಂತ ಸಿಂಕ್‌ನಲ್ಲಿ ಬಿಡಬೇಡಿ, ಅವರ ಮನೆಯಲ್ಲೂ ವಯಸ್ಸಾದವರಿರುತ್ತಾರೆ. ಆಮೇಲೆ ಕೈ ತೊಳೆಯಿರಿ.

ಮುಂದಿನ ಎರಡು ವಾರ

ಯಾರು ಬಂದಿದ್ದರು, ಎಷ್ಟು ಹೊತ್ತಿಗೆ ಹೊರಟರು, ಯಾರ ಪಕ್ಕ ಯಾರು ಕೂತಿದ್ದರು ಅಂತ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಕಳೆದ ವರ್ಷ ಆ ರೂಮಿನಲ್ಲಿ ನನ್ನ ಪಕ್ಕ ನಿಂತವರು ಯಾರು ಅನ್ನೋದೇ ನನಗೆ ಆಮೇಲೆ ನೆನಪಾಗಲಿಲ್ಲ. ವಾಟ್ಸಾಪ್‌ನಲ್ಲಿ ಆ ಆರು ಜನರದ್ದೇ ಒಂದು ಗುಂಪು ಮಾಡಿ. ನಮ್ಮ ಗುಂಪಿನಲ್ಲಿ ಈಗ ಹದಿನಾಲ್ಕು ದಿನ ಬೆಳಗ್ಗೆ ಒಂದೇ ಮೆಸೇಜ್: "ಕಾಫಿ ವಾಸನೆ ಬಂತಾ?" ಬಂತು ಅಂತ ಐದು ಉತ್ತರ ಬರೋ ತನಕ ನಾನು ಕೆಳಗೆ ಅಮ್ಮನ ಮನೆಗೆ ಇಳಿಯಲ್ಲ. ಯಾರಿಗಾದರೂ ಇಲ್ಲ ಅನಿಸಿದರೆ, ಅಥವಾ ಜ್ವರ, ಗಂಟಲು ನೋವು, ಮೈಕೈ ನೋವು ಬಂದರೆ ಅವತ್ತೇ ಹೇಳಬೇಕು, ಅವತ್ತೇ ಟೆಸ್ಟ್‌ಗೆ ಕೊಡಬೇಕು. ರಿಪೋರ್ಟ್ ಬರುವ ತನಕ ಉಳಿದ ಐದೂ ಜನ ಮನೆಯಲ್ಲೇ ಇರಬೇಕು.