ಆನೆಗೊಂದಿಯಲ್ಲಿ ಒಂದು ದಿನ: ಬೆಟ್ಟದಿಂದ ಹೊಳೆದಂಡೆಯವರೆಗೆ ಕಾಲ್ನಡಿಗೆ

ಹಂಪಿ ನೋಡಿ ಹೊತ್ತು ಉಳಿದರೆ ಹೊಳೆ ದಾಟಿ ಆನೆಗೊಂದಿಗೆ ಒಂದು ಗಂಟೆ ಬಂದು ಹೋಗುವವರೇ ಹೆಚ್ಚು. ಆ ಒಂದು ಗಂಟೆ ಹನುಮ ಹುಟ್ಟಿದ ಜಾಗವೆಂದು ಜನ ನಂಬುವ ಅಂಜನಾದ್ರಿ ಬೆಟ್ಟ ಹತ್ತಿ ಇಳಿಯುವುದಕ್ಕೂ ಸಾಲದು. ವಿಜಯನಗರದ ಅರಸರು ತುಂಗಭದ್ರೆಯ ಆಚೆ ದಡದಲ್ಲಿ ದೊಡ್ಡ ರಾಜಧಾನಿ ಕಟ್ಟುವ ಮೊದಲು ನೆಲೆ ನಿಂತದ್ದು ಇಲ್ಲಿ. ಈ ಊರಿಗೆ ಪೂರ್ತಿ ಒಂದು ದಿನ ಕೊಡಲೇಬೇಕು.

ಬೆಳಗ್ಗೆ ಬೆಟ್ಟ, ಮಧ್ಯಾಹ್ನ ಊರು, ಸಂಜೆ ಹೊಳೆ: ಈ ಕ್ರಮ ಬದಲಿಸಬೇಡಿ. ಸೂರ್ಯಾಸ್ತ ನೋಡಬೇಕೆಂದು ಬೆಟ್ಟವನ್ನು ಸಂಜೆಗೆ ಇಟ್ಟುಕೊಂಡವರು ದಿನವಿಡೀ ಕಾದ ಬಂಡೆ ಮತ್ತು ಜನಜಂಗುಳಿ ಎರಡಕ್ಕೂ ಸಿಕ್ಕಿಬೀಳುತ್ತಾರೆ. ಹೊಳೆಯ ನಡುಗಡ್ಡೆಯಲ್ಲಿ ಮಾಧ್ವ ಯತಿಗಳ ಸಮಾಧಿಗಳಿರುವ ನವವೃಂದಾವನದಲ್ಲಿ ಬೆಳಗಿನ ಪೂಜೆ ಮಾಡಿಸುವವರು ಮಾತ್ರ ಹೊಳೆಯಿಂದ ಶುರು ಮಾಡಲಿ.

ಗಂಗಾವತಿಯಿಂದ ನಸುಕಿನಲ್ಲೇ ಆಟೊ ಹಿಡಿದು ನೇರ ಅಂಜನಾದ್ರಿಯ ಬುಡಕ್ಕೆ ಬನ್ನಿ, ಆರು ಗಂಟೆಗೆ ಮೆಟ್ಟಿಲ ಮೇಲಿರಬೇಕು. ಮೆಟ್ಟಿಲು 575. ನಿಧಾನಕ್ಕೆ ಹತ್ತಿದರೂ ಮುಕ್ಕಾಲು ಗಂಟೆ ಸಾಕು. ತಲೆಗೆ ಎರಡು ಲೀಟರ್ ನೀರು ಇರಲಿ. ಬಾಳೆಹಣ್ಣು, ತೆಂಗಿನಕಾಯಿಯನ್ನು ಕೈಚೀಲದಲ್ಲಿ ಹಿಡಿದರೆ ಮಂಗಗಳು ಅರ್ಧ ದಾರಿಯಲ್ಲೇ ಕಸಿಯುತ್ತವೆ. ಜಿಪ್ ಇರುವ ಬ್ಯಾಗಿನೊಳಗೆ ಹಾಕಿ, ಬ್ಯಾಗು ಬೆನ್ನಿಗಿರಲಿ. ಶನಿವಾರ ಗದ್ದಲ ಹೆಚ್ಚು. ಡಿಸೆಂಬರಿನಲ್ಲಿ ಹನುಮಮಾಲೆ ವಿಸರ್ಜನೆಯ (ವ್ರತಕ್ಕೆ ತೊಟ್ಟ ಮಾಲೆ ತೆಗೆಯುವ) ದಿನ ಮೆಟ್ಟಿಲೆಲ್ಲ ಮಾಲಾಧಾರಿಗಳದ್ದೇ, ಊರು ನೋಡಲು ಬರುವವರು ಆ ದಿನ ಬಿಟ್ಟುಬಿಡಿ.

ದರ್ಶನ ಮುಗಿಸಿ ದಕ್ಷಿಣದ ಅಂಚಿನ ಬಂಡೆಯ ಮೇಲೆ ಹತ್ತು ನಿಮಿಷ ಕೂರಿ. ಕೆಳಗೆ ಭತ್ತದ ಗದ್ದೆ, ಅದರಾಚೆ ಹೊಳೆ, ಹೊಳೆಯಾಚೆ ಹಂಪಿ. ಮೂರು ಕಡೆ ಬಂಡೆಗುಡ್ಡಗಳ ಸಾಲು, ಒಂದು ಕಡೆ ತುಂಬು ನದಿ. ಶತ್ರು ಸೈನ್ಯಕ್ಕೆ ಇಲ್ಲಿ ದಾರಿ ಎಲ್ಲಿತ್ತು ಎಂದು ಕಣ್ಣಲ್ಲೇ ಹುಡುಕಿ. ರಾಜಧಾನಿಗೆ ಈ ಜಾಗ ಏಕೆ ಬೇಕಾಯಿತು ಎಂಬುದು ಅಲ್ಲೇ ತಿಳಿಯುತ್ತದೆ, ಆಮೇಲೆ ಊರಿನಲ್ಲಿ ನೋಡುವುದಕ್ಕೆಲ್ಲ ಅರ್ಥ ಬರುತ್ತದೆ.

ಎಂಟಕ್ಕೆ ಇಳಿದು ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದು ಆನೆಗೊಂದಿಯ ಕಡೆ ನಡೆಯಿರಿ. ಮೊದಲು ಸಿಗುವುದು ಪಂಪಾ ಸರೋವರ. ದಂಡೆಯಲ್ಲಿ ಲಕ್ಷ್ಮಿ ಗುಡಿ, ಪಕ್ಕದಲ್ಲೇ ಶಬರಿ ಗುಹೆ. ಮುಂದೆ ಗುಡ್ಡದ ಮೇಲಿನ ದುರ್ಗಾ ಗುಡಿ. ಹರಕೆ ಹೊತ್ತವರು ಮರಕ್ಕೆ ಬಟ್ಟೆಯಲ್ಲಿ ಕಾಯಿ ಕಟ್ಟಿದ್ದು ಕಾಣುತ್ತದೆ. ವಾಲಿಯ ಗುಹೆಯೆಂದು ಜನ ತೋರಿಸುವುದೂ ಇದೇ ಗುಡ್ಡದಲ್ಲಿ. ರಸ್ತೆಯಲ್ಲಿ ನೆರಳು ಕಡಿಮೆ, ಹನ್ನೊಂದರೊಳಗೆ ಊರು ಸೇರಿಕೊಳ್ಳಿ.

ಊರ ನಡುವೆ ರಂಗನಾಥ ಗುಡಿ, ಎದುರಿಗೆ ಗಗನಮಹಲು. ಮಹಲನ್ನು ಹೊರಗಿನಿಂದಲೇ ನೋಡಿದರೂ ಸಾಕು: ಮುಂದಕ್ಕೆ ಚಾಚಿದ ಕಿಟಕಿ, ಕಮಾನು, ಗಾರೆ ಕೆಲಸ. ಹಂಪಿಯ ಕಮಲ ಮಹಲು ನೋಡಿದವರಿಗೆ ನಂಟು ಥಟ್ಟನೆ ಹೊಳೆಯುತ್ತದೆ. ಊಟ ಮುಗಿಸಿ ಮೂರರವರೆಗೆ ನೆರಳಲ್ಲೇ ಇರಿ. ಮಾರ್ಚಿನಿಂದ ಮೇ ತನಕ ನಮ್ಮ ಕಡೆ ಆ ಹೊತ್ತಿಗೆ ಬರಿಗಾಲನ್ನು ಕಲ್ಲಿನ ಮೇಲೆ ಇಡುವ ಹಾಗಿಲ್ಲ. ಗುಡಿಯ ಅಂಗಳಕ್ಕೆಂದೇ ಒಂದು ಜೊತೆ ಹತ್ತಿಯ ಕಾಲುಚೀಲ ತಂದಿಡಿ.

ಹೊಳೆಯ ಕಡೆ ಇಳಿದಾಗ ಹುಚ್ಚಪ್ಪಯ್ಯನ ಮಠವನ್ನು ದಾಟಿ ಹೋಗಬೇಡಿ. ಹೊರಗಿನಿಂದ ಸಾದಾ ಕಟ್ಟಡ, ಹಾಗಾಗಿ ತುಂಬಾ ಜನ ನಿಲ್ಲುವುದೇ ಇಲ್ಲ. ಒಳಗೆ ಕರಿಕಲ್ಲಿನ ನುಣುಪಾದ ಕಂಬಗಳಿವೆ, ಮೇಲ್ಛಾವಣಿಯಲ್ಲಿ ಹಳೆಯ ಬಣ್ಣದ ಚಿತ್ರಗಳ ಗುರುತು ಇನ್ನೂ ಇದೆ. ಇಡೀ ದಿನದಲ್ಲಿ ಇದಕ್ಕಿಂತ ನಾಜೂಕಾದ ಕೆಲಸ ಬೇರೆಲ್ಲೂ ಸಿಗದು.

ದಂಡೆಯಲ್ಲಿ ಚಿಂತಾಮಣಿ ಗುಡಿ, ಸಮೀಪದಲ್ಲೇ ಅರವತ್ನಾಲ್ಕು ಕಂಬದ ಮಂಟಪ. ಇದು ಕೃಷ್ಣದೇವರಾಯನ ಸಮಾಧಿ ಎಂದು ಊರವರು ನಂಬುತ್ತಾರೆ. ನಡುಗಡ್ಡೆಯ ನವವೃಂದಾವನಕ್ಕೆ ದೋಣಿಯಲ್ಲಿ ಹೋಗಬೇಕು. ಒಂಬತ್ತು ಮಾಧ್ವ ಯತಿಗಳ ವೃಂದಾವನಗಳಲ್ಲಿ ನಡುವಿನದು ವ್ಯಾಸರಾಜರದು. 2019ರ ಜುಲೈನಲ್ಲಿ ದುಷ್ಕರ್ಮಿಗಳು ಅದನ್ನು ಕೆಡವಿದ್ದರು, ಭಕ್ತರು ಕೂಡಲೇ ಮತ್ತೆ ನಿಲ್ಲಿಸಿದರು. ಅಲ್ಲಿ ಗಟ್ಟಿಯಾಗಿ ಮಾತಾಡಬೇಡಿ, ವೃಂದಾವನಗಳ ಹತ್ತಿರ ನುಗ್ಗಬೇಡಿ. ದೋಣಿಗೆ ಚಿಲ್ಲರೆ ಇಟ್ಟುಕೊಳ್ಳಿ. ಕತ್ತಲಾಗುವ ಮುಂಚೆ ದೋಣಿ ನಿಲ್ಲುತ್ತದೆ, ಕೊನೆಯದು ಎಷ್ಟಕ್ಕೆ ಎಂದು ಹತ್ತುವ ಮೊದಲೇ ಕೇಳಿ. ಹಂಪಿಗೆ ಹೋಗುವವರು ತಳವಾರಘಟ್ಟಕ್ಕೆ ದಾಟಿದರೆ ವಿಠ್ಠಲ ದೇವಸ್ಥಾನ ಅಲ್ಲಿಂದ ಹತ್ತಿರ.

ಮಳೆಗಾಲದಲ್ಲಿ ಈ ಲೆಕ್ಕವೆಲ್ಲ ತಪ್ಪುತ್ತದೆ. ತುಂಗಭದ್ರಾ ಡ್ಯಾಮಿನ ಗೇಟು ತೆರೆದರೆ ಮಂಟಪ ಮುಳುಗುತ್ತದೆ, ದೋಣಿ ಬಂದ್. ಆಗ ನೀರಿಗಿಳಿಯುವ ಸಾಹಸ ಬೇಡವೇ ಬೇಡ. ಕಲ್ಲುಗಳ ನಡುವಿನ ಸೆಳೆತ ದಂಡೆಯಿಂದ ಕಾಣುವುದಿಲ್ಲ. ಹೊರಡುವ ಹಿಂದಿನ ದಿನ ಹೊಳೆಗೆ ನೀರು ಬಿಟ್ಟಿದ್ದಾರೋ ಇಲ್ಲವೋ ವಿಚಾರಿಸಿ. ಬಿಟ್ಟಿದ್ದರೆ ಮಧ್ಯಾಹ್ನದ ಮೇಲೆ ಗಾಡಿ ಮಾಡಿಕೊಂಡು ಹಿರೇಬೆಣಕಲ್ಲಿಗೆ ಹೋಗಿ, ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು 10 ಕಿಲೋಮೀಟರ್. ಅಲ್ಲಿನ ಗುಡ್ಡದ ಮೇಲೆ ರಾಜರ ಕಾಲಕ್ಕಿಂತ ಎಷ್ಟೋ ಹಿಂದಿನ ಬೃಹತ್ ಶಿಲಾಗೋರಿಗಳಿವೆ, ಊರವರ ಬಾಯಲ್ಲಿ ಮೋರೇರ ಗುಡ್ಡ. ಕಾಲುದಾರಿ ಒರಟು, ಒದ್ದೆ ಬಂಡೆ ಜಾರುತ್ತದೆ. ದಾರಿ ಬಲ್ಲವರೊಬ್ಬರನ್ನು ಹಳ್ಳಿಯಿಂದ ಜೊತೆಗೆ ಕರೆದುಕೊಂಡು ಹತ್ತಿ, ಬೆಳಕಿರುವಾಗಲೇ ಇಳಿದುಬಿಡಿ.